ಕಚೇರಿ ತಂತ್ರಾಂಶಗಳಲ್ಲಿ ಕನ್ನಡ ಪಠ್ಯವಿನ್ಯಾಸ

ಕಚೇರಿ ತಂತ್ರಾಂಶಗಳಲ್ಲಿ ಕನ್ನಡ ಪಠ್ಯವಿನ್ಯಾಸವೆಂದರೆ ದಸ್ತಾವೇಜು ಹಾಗೂ ಕೋಷ್ಟಕಗಳಲ್ಲಿನ ಕನ್ನಡ ಬರಹಕ್ಕೆ ಫಾಂಟ್, ಗಾತ್ರ, ಜೋಡಣೆಗಳನ್ನು ಹೊಂದಿಸುವ ಕ್ರಮ. ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶವು ಬಹುಕಾಲದಿಂದ ಬಳಕೆಯಲ್ಲಿದೆ. ಅದರ ಹಳೆಯ, ಯುನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಕಡತದಲ್ಲಿ ಉಳಿಯುವುದು ಲ್ಯಾಟಿನ್ ಅಕ್ಷರಗಳ ಸಂಕೇತಗಳು. ಆದ್ದರಿಂದ ಫಾಂಟ್ ಬದಲಿಸಿದೊಡನೆ, ಅಥವಾ ಆ ಫಾಂಟ್ ಇಲ್ಲದ ಗಣಕಯಂತ್ರದಲ್ಲಿ ತೆರೆದಾಗ, ಬರಹವು ಓದಲು ಬಾರದಂತಾಗುತ್ತದೆ. ಕೋಷ್ಟಕದಲ್ಲಿ ಹೆಸರುಗಳನ್ನು ಅಕಾರಾದಿಯಾಗಿ ವಿಂಗಡಿಸಿದರೂ ವರ್ಣಮಾಲೆಯ ಕ್ರಮ ದೊರೆಯದು. ಶಾಲೆಯ ಹಾಜರಿ ಪಟ್ಟಿಗೆ ಇದು ಸಣ್ಣ ತೊಡಕೇನಲ್ಲ. ಇಂತಹ ಕಡತವನ್ನು ವಿನ್ಯಾಸಕ್ಕೆ ಮೊದಲೇ ಪರಿವರ್ತಕದ ಮೂಲಕ ಯುನಿಕೋಡ್‌ಗೆ ಮಾರ್ಪಡಿಸಿಕೊಳ್ಳಬೇಕು. ಲಿಬ್ರೆಆಫೀಸ್‌ನಲ್ಲಿ ಕನ್ನಡದ ಫಾಂಟ್ ಹಾಗೂ ಗಾತ್ರವನ್ನು ಸಂಕೀರ್ಣ ಲಿಪಿಗಳ ವಿಭಾಗದಲ್ಲಿ ಪ್ರತ್ಯೇಕವಾಗಿ ಆರಿಸಬೇಕು. ಪಾಶ್ಚಾತ್ಯ ಲಿಪಿಗಳ ವಿಭಾಗದಲ್ಲಿ ಮಾಡಿದ ಬದಲಾವಣೆಯು ಕನ್ನಡಕ್ಕೆ ಅನ್ವಯಿಸುವುದಿಲ್ಲ.