ಅದೇ ಸೀಮೆ, ಬೇರೆ ಬೇರೆ ಹೆಂಗಸರು: ಬ್ರಿಟಿಷ್ ಟಿವಿ ನಾಟಕ ಮತ್ತು ಸಾರಾ ಲ್ಯಾಂಕಾಶೈರ್

ಒಟಿಟಿ ಬಂದ ಮೇಲೆ ನಮ್ಮಲ್ಲಿ ಬ್ರಿಟಿಷ್ ಟಿವಿ ಎಂದರೆ 'ದಿ ಕ್ರೌನ್' ಎಂಬಂತಾಗಿದೆ. ಕ್ಲೇರ್ ಫಾಯ್, ಒಲಿವಿಯಾ ಕೋಲ್ಮನ್, ಇಮೆಲ್ಡಾ ಸ್ಟಾಂಟನ್ ಒಬ್ಬರಾದ ಮೇಲೊಬ್ಬರು ರಾಣಿಯಾದರು. ಯಾರಿಗೆ ವಿಗ್ ಚೆನ್ನಾಗಿ ಕೂತಿತು, ಯಾರ ಉಚ್ಚಾರ ಅರಮನೆಗೆ ಹತ್ತಿರವಿತ್ತು ಎಂಬ ಹರಟೆಯೇ ನಟನೆಯ ವಿಮರ್ಶೆ ಎನ್ನಿಸಿಕೊಳ್ಳುತ್ತಿದೆ. ವೇಷ ಎಷ್ಟು ಬದಲಾಯಿತೋ ಅಷ್ಟು ಪಾತ್ರವೈವಿಧ್ಯ ಎಂಬ ಲೆಕ್ಕ ಇದು. ಧಾರಾವಾಹಿಗಳನ್ನು ನೋಡುವುದು, ಅವುಗಳ ಬಗ್ಗೆ ಬರೆಯುವುದು ಇದರಲ್ಲೇ ಆಯುಷ್ಯ ಕಳೆದ ನನಗೆ ಈ ಲೆಕ್ಕ ಒಪ್ಪಿಗೆಯಾಗುವುದಿಲ್ಲ.

ಮೊದಲ ದಿನಗಳನ್ನು ಬೇಗ ಮುಗಿಸುತ್ತೇನೆ. 1936ರಲ್ಲಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸ್‌ನಿಂದ ಬಿಬಿಸಿಯ ಪ್ರಸಾರ ಶುರುವಾದಾಗ ಟಿವಿ ನಾಟಕವೆಂದರೆ ರಂಗದ ನಾಟಕಕ್ಕೆ ಎದುರಾಗಿ ಕ್ಯಾಮೆರಾ ನಿಲ್ಲಿಸುವುದಷ್ಟೇ. ಐವತ್ತರ ದಶಕದ ಕೊನೆಗೆ 'ಆರ್ಮ್‌ಚೇರ್ ಥಿಯೇಟರ್', ಆಮೇಲೆ 'ದಿ ವೆಡ್ನೆಸ್‌ಡೇ ಪ್ಲೇ' ಬಂದು ಸಾಮಾನ್ಯರ ಮನೆಯೊಳಗೆ ಇಣುಕಿದವು. 1966ರ 'ಕ್ಯಾಥಿ ಕಮ್ ಹೋಮ್'ನಲ್ಲಿ ಮನೆ ಕಳೆದುಕೊಂಡ ತಾಯಿಯಾಗಿ ಕ್ಯಾರಲ್ ವೈಟ್ ದೇಶವನ್ನೇ ಕಲಕಿದರು. ಮರುವರ್ಷ ಇಪ್ಪತ್ತಾರು ಕಂತುಗಳ 'ದಿ ಫಾರ್ಸೈಟ್ ಸಾಗಾ' ಬಂತು. ಅದರ ಕೀರ್ತಿಯಲ್ಲಿ ಅರ್ಧ ಪಾಲು ದರ್ಜಿಯದು ಎಂದೇ ನನ್ನ ಅಭಿಪ್ರಾಯ.

ನಿಜವಾದ ಗರಡಿಮನೆ ಬೇರೆ ಕಡೆ ಇತ್ತು. 1960ರ ಡಿಸೆಂಬರ್ 9ರಂದು ಮ್ಯಾಂಚೆಸ್ಟರಿನ ಗ್ರನಾಡಾ ಸಂಸ್ಥೆ 'ಕೊರೊನೇಶನ್ ಸ್ಟ್ರೀಟ್' ಆರಂಭಿಸಿತು. ಒಂದು ಬೀದಿ, ಒಂದು ಪಬ್, ನಾಲ್ಕಾರು ಜಗಳಗಂಟ ಹೆಂಗಸರು. ಪಂಡಿತರು ಇದನ್ನು 'ಸೋಪು' ಎಂದು ಕಡೆಗಣಿಸಿದರು, ಈಗಲೂ ಕಡೆಗಣಿಸುತ್ತಾರೆ. ಆದರೆ 1984ರಲ್ಲಿ ಜೀನ್ ಅಲೆಕ್ಸಾಂಡರ್ ಮಾಡಿದ್ದನ್ನು ನೋಡಬೇಕು. ಅವರ ಪಾತ್ರ ಹಿಲ್ಡಾ ಆಗ್ಡನ್ ತಲೆಗೆ ಕರ್ಲರ್ ಸುತ್ತಿಕೊಂಡು ಊರಿನ ಸುದ್ದಿಯೆಲ್ಲ ಹೊತ್ತು ತಿರುಗುವ ಕಸಗುಡಿಸುವ ಹೆಂಗಸು. ಇಪ್ಪತ್ತು ವರ್ಷ ಜನ ಅವಳನ್ನು ನೋಡಿ ನಕ್ಕಿದ್ದರು. ಗಂಡ ಸ್ಟ್ಯಾನ್ ಸತ್ತ ಮೇಲೆ ಆಸ್ಪತ್ರೆಯಿಂದ ಬಂದ ಅವನ ಸಾಮಾನಿನ ಪೊಟ್ಟಣವನ್ನು ಬಿಚ್ಚುತ್ತಾಳೆ, ಅದರೊಳಗೆ ಅವನ ಕನ್ನಡಕ ಸಿಗುತ್ತದೆ. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಒಡೆಯುತ್ತದೆ. ಎರಡು ದಶಕದ ನಗು ಹಿಂದೆ ಇದ್ದುದರಿಂದಲೇ ಆ ಅಳುವಿಗೆ ಅಷ್ಟು ಬಲ. ಎರಡು ಗಂಟೆಯ ಸಿನಿಮಾಕ್ಕೆ ಈ ಬಂಡವಾಳ ಎಲ್ಲಿಂದ ಬರಬೇಕು?

ಅದೇ 1984ರಲ್ಲಿ ಅದೇ ಗ್ರನಾಡಾ 'ದಿ ಜ್ಯುವೆಲ್ ಇನ್ ದಿ ಕ್ರೌನ್' ಪ್ರಸಾರ ಮಾಡಿತು. ನಿವೃತ್ತ ಮಿಷನರಿ ಉಪಾಧ್ಯಾಯಿನಿ ಬಾರ್ಬಿ ಬ್ಯಾಚಲರ್ ಪಾತ್ರದಲ್ಲಿ ಪೆಗ್ಗಿ ಆಶ್‌ಕ್ರಾಫ್ಟ್. ಅವರು ನಮಗೆ ಅಪರಿಚಿತರೇನಲ್ಲ: ಬೆಂಗಳೂರು, ರಾಮನಗರದ ಸುತ್ತ ಚಿತ್ರೀಕರಣವಾದ ಡೇವಿಡ್ ಲೀನ್ ಅವರ 'ಎ ಪ್ಯಾಸೇಜ್ ಟು ಇಂಡಿಯಾ'ದ ಮಿಸೆಸ್ ಮೂರ್ ಅವರೇ, ಅದಕ್ಕೆ ಆಸ್ಕರ್ ಪಡೆದವರೂ ಅವರೇ. ಲೋಕ ಮಿಸೆಸ್ ಮೂರ್‌ಳನ್ನು ನೆನಪಿಟ್ಟುಕೊಂಡಿದೆ. ನನ್ನನ್ನು ಕೇಳಿದರೆ ಬಾರ್ಬಿಯೇ ದೊಡ್ಡ ಕೆಲಸ. ಯಾರಿಗೂ ಬೇಡವಾದ, ಮಾತು ನಿಲ್ಲಿಸಲಾರದ ಮುದುಕಿಯೊಬ್ಬಳು ಕಂತಿನಿಂದ ಕಂತಿಗೆ ಕುಸಿಯುವುದನ್ನು ಅಷ್ಟು ನಿಧಾನವಾಗಿ ತೋರಿಸಲು ಟಿವಿಯಲ್ಲಿ ಮಾತ್ರ ಸಾಧ್ಯ.

ಆ ಕಾಲದಲ್ಲೇ ಇನ್ನೊಂದು ಕವಲು ಒಡೆದಿತ್ತು. 'ಬಾಯ್ಸ್ ಫ್ರಮ್ ದಿ ಬ್ಲ್ಯಾಕ್‌ಸ್ಟಫ್'ನಲ್ಲಿ ನಿರುದ್ಯೋಗಿಯ ಹೆಂಡತಿಯಾಗಿ ಜೂಲಿ ವಾಲ್ಟರ್ಸ್, ಅಲನ್ ಬೆನೆಟ್ ಅವರ 'ಟಾಕಿಂಗ್ ಹೆಡ್ಸ್' ಸ್ವಗತಗಳಲ್ಲಿ ತೋರಾ ಹರ್ಡ್, ಪೆಟ್ರಿಷಿಯಾ ರೌಟ್ಲೆಜ್. 1991ರಲ್ಲಿ 'ಪ್ರೈಮ್ ಸಸ್ಪೆಕ್ಟ್' ಬಂದು ಹೆಲೆನ್ ಮಿರನ್ ಪೊಲೀಸ್ ಠಾಣೆಯನ್ನು ಹೆಣ್ಣಿನ ಕೈಗೆ ಕೊಟ್ಟರು. ಇದರ ಬಗ್ಗೆ ಬೇಕಾದಷ್ಟು ಬರೆದಾಗಿದೆ.

ನನಗೆ ಬೇಕಾದವರು ಅದೇ 1991ರಲ್ಲಿ 'ಕೊರೊನೇಶನ್ ಸ್ಟ್ರೀಟ್'ಗೆ ಬಂದ ಸಾರಾ ಲ್ಯಾಂಕಾಶೈರ್. ಓಲ್ಡಮ್‌ನಲ್ಲಿ ಹುಟ್ಟಿದವರು, ಅಪ್ಪ ಜೆಫ್ರಿ ಅದೇ ಧಾರಾವಾಹಿಗೆ ಕಂತು ಬರೆಯುತ್ತಿದ್ದವರು. ಪಾತ್ರ ರಕೆಲ್: ಮಾಡೆಲ್ ಆಗುವ ಕನಸಿನ, ಪಬ್‌ನಲ್ಲಿ ಬಿಯರ್ ಸುರಿಯುವ ಹುಡುಗಿ. ಪೆದ್ದಿ ಎಂದು ಬರೆದಿದ್ದ ಪಾತ್ರಕ್ಕೆ ಅವರು ಮಾನ ಕೊಟ್ಟರು. 1996ರಲ್ಲಿ ಬಿಟ್ಟುಹೋಗಿ, 2000ದ ಜನವರಿಯಲ್ಲಿ ಒಂದೇ ಕಂತಿಗೆ ಮರಳಿದರು. ಕೋಣೆಯಲ್ಲಿ ರಕೆಲ್ ಮತ್ತು ಗಂಡ ಕರ್ಲಿ, ಇಬ್ಬರೇ. ಅವಳಿಗೆ ವಿಚ್ಛೇದನ ಬೇಕು. ಅವನಿಗೆ ಗೊತ್ತೇ ಇಲ್ಲದ ಮಗಳಿರುವ ಸಂಗತಿಯನ್ನೂ ಹೇಳಬೇಕು. ಆ ಧಾರಾವಾಹಿಯ ಇತಿಹಾಸದಲ್ಲೇ ಇಬ್ಬರಷ್ಟೇ ಇದ್ದ ಮೊದಲ ಕಂತು ಅದು.

ಆಮೇಲಿನ ಹತ್ತು ವರ್ಷವನ್ನು ಪತ್ರಿಕೆಯವರು ಮರೆತೇಬಿಡುತ್ತಾರೆ. 'ರೋಸ್ ಅಂಡ್ ಮಲೋನಿ'ಯಲ್ಲಿ ನ್ಯಾಯ ತಪ್ಪಿದ ಪ್ರಕರಣಗಳನ್ನು ಕೆದಕುವ ಹಟಮಾರಿ, 2005ರ 'ಚೆರಿಷ್ಡ್'ನಲ್ಲಿ ಮಕ್ಕಳನ್ನು ಕೊಂದಳೆಂದು ತಪ್ಪಾಗಿ ಶಿಕ್ಷೆಗೊಳಗಾದ ತಾಯಿ. 2012ರಲ್ಲಿ ಸ್ಯಾಲಿ ವೇನ್‌ರೈಟ್ ಅವರ 'ಲಾಸ್ಟ್ ಟ್ಯಾಂಗೋ ಇನ್ ಹ್ಯಾಲಿಫ್ಯಾಕ್ಸ್' ಬಂತು. ವೇನ್‌ರೈಟ್ ಕೂಡ 'ಕೊರೊನೇಶನ್ ಸ್ಟ್ರೀಟ್'ಗೆ ಬರೆದು ಕೈ ಪಳಗಿಸಿಕೊಂಡವರೇ; ತಾಯಿಯ ಪಾತ್ರದ ಆ್ಯನ್ ರೀಡ್ 1971ರವರೆಗೆ ಅದೇ ಬೀದಿಯ ವ್ಯಾಲೆರಿ. ಇಲ್ಲಿ ಲ್ಯಾಂಕಾಶೈರ್ ಕ್ಯಾರೊಲೈನ್: ಶ್ರೀಮಂತ ಶಾಲೆಯ ಮುಖ್ಯಸ್ಥೆ, ಸಹೋದ್ಯೋಗಿ ಹೆಂಗಸನ್ನು ಪ್ರೀತಿಸುವವಳು, ಅದನ್ನು ಅಮ್ಮನ ಮುಂದೆ ಬಾಯಿಬಿಟ್ಟು ಹೇಳಲು ಒದ್ದಾಡುವವಳು. ಎರಡು ವರ್ಷದಲ್ಲಿ ಅದೇ ಲೇಖಕಿ, ಅದೇ ಯಾರ್ಕ್‌ಷೈರಿನಲ್ಲಿ, ಅದೇ ನಟಿಯನ್ನು 'ಹ್ಯಾಪಿ ವ್ಯಾಲಿ'ಯ ಸಾರ್ಜೆಂಟ್ ಕ್ಯಾಥರೀನ್ ಕೇವುಡ್ ಮಾಡಿದರು.

ಮೊದಲ ದೃಶ್ಯವನ್ನೇ ನೋಡಿ. ಮಕ್ಕಳ ಆಟದ ಮೈದಾನದಲ್ಲಿ ಹುಡುಗನೊಬ್ಬ ಮೈಮೇಲೆ ಪೆಟ್ರೋಲ್ ಸುರಿದುಕೊಂಡು ಕೂತಿದ್ದಾನೆ. ಕ್ಯಾಥರೀನ್ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು, ತಂಪು ಕನ್ನಡಕ ಹಾಕಿಕೊಂಡು ಎದುರು ನಿಂತು ತನ್ನ ಪರಿಚಯ ಹೇಳಿಕೊಳ್ಳುತ್ತಾಳೆ. ವಯಸ್ಸು ನಲವತ್ತೇಳು, ವಿಚ್ಛೇದನವಾಗಿದೆ, ಹೆರಾಯಿನ್ ಚಟ ಬಿಡಿಸಿಕೊಂಡ ತಂಗಿ ಜೊತೆಗಿದ್ದಾಳೆ, ಇಬ್ಬರು ಮಕ್ಕಳಲ್ಲಿ ಒಬ್ಬಳು ಸತ್ತಿದ್ದಾಳೆ, ಇನ್ನೊಬ್ಬ ಮಾತಾಡಿಸುವುದಿಲ್ಲ, ಒಬ್ಬ ಮೊಮ್ಮಗ. ಬಸ್‌ಸ್ಟ್ಯಾಂಡಿನಲ್ಲಿ ಪಕ್ಕ ಕೂತವರಿಗೆ ಸಂಸಾರದ ಸುದ್ದಿ ಹೇಳಿದ ಹಾಗೆ ಹೇಳುತ್ತಾಳೆ. ಮುಂದಿನ ಮೂರು ಸರಣಿಯ ದುಃಖವೆಲ್ಲ ಆ ನಾಲ್ಕು ಮಾತಿನಲ್ಲಿದೆ, ದನಿ ಮಾತ್ರ ಏರುವುದಿಲ್ಲ. ಕ್ಯಾರೊಲೈನ್ ಮಾತಿಗೆ ಮುಂಚೆ ಯೋಚಿಸುವವಳು. ಕ್ಯಾಥರೀನ್ ಮಾತಾಡುತ್ತಲೇ ಎದುರಿನವರನ್ನು ಅಳೆಯುವವಳು. ಮುಖ ಅದೇ, ಸೀಮೆಯೂ ಅದೇ. ಮೂರು ಬಾಫ್ಟಾ ಈ ಎರಡು ಪಾತ್ರಗಳಿಗೆ ಬಂದಿವೆ: 2014ರಲ್ಲಿ ಕ್ಯಾರೊಲೈನ್‌ಗೆ, 2017 ಮತ್ತು 2024ರಲ್ಲಿ ಕ್ಯಾಥರೀನ್‌ಗೆ. 'ಕಿರಿ' ಸರಣಿಯಲ್ಲಿ ಲ್ಯಾಂಕಾಶೈರ್ ಮಾಡಿದ ಸಮಾಜಕಾರ್ಯಕರ್ತೆ ಮಿರಿಯಂ ಕೂಡ ಈ ಇಬ್ಬರ ಸಾಲಿನಲ್ಲೇ ನಿಲ್ಲುತ್ತಾಳೆ. ಅಮೆರಿಕದ 'ಜೂಲಿಯಾ'ದಲ್ಲಿ ಪ್ರಸಿದ್ಧ ಪಾಕಪ್ರವೀಣೆಯ ದನಿ, ನಿಲುವು ಎಲ್ಲ ಅನುಕರಿಸಿದ್ದಾರೆ. ಸೊಗಸಾಗಿದೆ, ಆದರೆ ಅವರನ್ನು ಅಳೆಯಬೇಕಾದ್ದು ಅದರಿಂದಲ್ಲ.

ಇಂಥ ನಟಿ ತಯಾರಾಗಲು ಬೀದಿಗಟ್ಟಲೆ ಕಂತುಗಳು ಬೇಕು. ಅವು ಈಗ ಕಡಿಮೆಯಾಗುತ್ತಿವೆ. ಬಿಡಿ ನಾಟಕಗಳ 'ಪ್ಲೇ ಫಾರ್ ಟುಡೇ' 1984ರಲ್ಲೇ ನಿಂತಿತು. ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾಗುತ್ತಿದ್ದ, ಎಷ್ಟೋ ಹೊಸಬರಿಗೆ ಮೊದಲ ಕೆಲಸ ಕೊಟ್ಟ ಬಿಬಿಸಿಯ ಮಧ್ಯಾಹ್ನದ ಧಾರಾವಾಹಿ 'ಡಾಕ್ಟರ್ಸ್' 2024ರ ನವೆಂಬರಿನಲ್ಲಿ ಮುಗಿಯಿತು. ಅದಕ್ಕೆ ಯಾರೂ ದೊಡ್ಡ ಸಂತಾಪ ಬರೆಯಲಿಲ್ಲ.

ಇನ್ನೊಂದು ಕೊರತೆ ಮೊದಲಿನಿಂದಲೂ ಇದೆ: ಭಾರತೀಯ ಮೂಲದ ನಟಿಯರಿಗಾಗಿ ಬರೆದ ದೊಡ್ಡ ಪಾತ್ರಗಳದು. 'ಜ್ಯುವೆಲ್'ನಲ್ಲಿ ಲೇಡಿ ಚಟರ್ಜಿಯಾಗಿದ್ದ ಜೊಹರಾ ಸೆಹಗಲ್ ಬ್ರಿಟನ್ನಿನಲ್ಲಿ ಅಷ್ಟು ವರ್ಷ ದುಡಿದೂ ಅವರ ಸುತ್ತ ಕಟ್ಟಿದ ದೊಡ್ಡ ಸರಣಿಯೊಂದು ಬರಲಿಲ್ಲ. ಆರ್ಚಿ ಪಂಜಾಬಿಗೆ ಎಮ್ಮಿ ಸಿಕ್ಕಿದ್ದು ಅಮೆರಿಕದ 'ದಿ ಗುಡ್ ವೈಫ್'ನಿಂದ. ಮೀರಾ ಸ್ಯಾಲ್‌ಗೆ 2023ರಲ್ಲಿ ಬಾಫ್ಟಾ ಫೆಲೋಶಿಪ್ ಕೊಟ್ಟು ಗೌರವಿಸಿದರು. ಕ್ಯಾಥರೀನ್‌ನಂಥ ಪಾತ್ರ ಕೊಟ್ಟಿದ್ದರೆ ಇನ್ನೂ ಚೆನ್ನಾಗಿತ್ತು. ಲ್ಯಾಂಕಾಶೈರ್‌ಗೆ ಒಬ್ಬ ವೇನ್‌ರೈಟ್ ಸಿಕ್ಕಿದರು. ಇವರಿಗಾಗಿ ಕೂತು ಬರೆಯುವವರು ಯಾರು? 2022ರಲ್ಲಿ ಪರ್ಮಿಂದರ್ ನಾಗ್ರಾ ಬರ್ಮಿಂಗ್‌ಹ್ಯಾಮಿನ ಪತ್ತೇದಾರಿಣಿಯಾಗಿ ನಾಯಕಿಯಾದ 'ಡಿಐ ರೇ'ಯನ್ನು ರೂಪಿಸಿ ಬರೆದವರು ಮಾಯಾ ಸೋಂಧಿ. ಅವರೂ ನಟಿಯೇ, 'ಲೈನ್ ಆಫ್ ಡ್ಯೂಟಿ'ಯಲ್ಲಿ ಪೋಷಕ ಪಾತ್ರ ಮಾಡಿದವರು.