ಡ್ಯಾಮಿನ ಕರೆಂಟು, ಸೈಕಲ್ಲಿನ ಗಾಲಿ

ನಮ್ಮ ಮುನಿರಾಬಾದಿನ ಮಂದಿಗೆ ಕರೆಂಟು ಎಲ್ಲಿಂದ ಬರ್ತೈತಿ ಅಂತ ಹೇಳೋದು ಬ್ಯಾಡ. 1945ರ ಫೆಬ್ರುವರಿ 28ಕ್ಕ ತುಂಗಭದ್ರೆಯ ಎರಡೂ ದಂಡಿಗೆ ಅಡಿಗಲ್ಲು ಇಟ್ರು. ಆಗ ನಮ್ಮ ಎಡದಂಡಿ ನಿಜಾಮರ ಸೀಮಿ, ಆಚೆ ದಂಡಿ ಮದ್ರಾಸಿನವರದು. 1953ರಾಗ ನೀರು ಕಾಲುವಿಗೆ ಹರೀತು. 1960ರ ದಶಕದಾಗ ಇಲ್ಲಿಯ ಪವರ್ ಹೌಸು ಕರೆಂಟು ಕೊಡಾಕ ಶುರು ಮಾಡ್ತು. ಅದರ ಶಕ್ತಿ 28 ಮೆಗಾವ್ಯಾಟ್.

ಈಗ ಹುಡುಗರು ಹಳೇ ಸೈಕಲ್ಲಿಗೆ ಮೋಟರ್ ಕಿಟ್ ತರಿಸಿ ಮನ್ಯಾಗ ಜೋಡಿಸಾಕ ಹತ್ಯಾರ. ನಮ್ಮ ಚಿಗವ್ವ ಕೇಳಿದ್ಲು, "ಅದು ಮುಟ್ಟಿದ್ರ ಹೊಡೀತೈತೇನ ಯವ್ವಾ?" ಹೆದರೋದು ತಪ್ಪಲ್ಲ. ಆದ್ರ ಯಾವುದಕ್ಕ ಹೆದರಬೇಕು ಅನ್ನೋದು ಗೊತ್ತಿರಬೇಕು. ಅದಕ್ಕ ಈ ಗಾಲಿಯ ಇತಿಹಾಸ ಸ್ವಲ್ಪ ನೋಡೂಣು.

1873ರಾಗ ವಿಯೆನ್ನಾದ ವಸ್ತುಪ್ರದರ್ಶನದಾಗ ಗ್ರಾಮ್ ಅನ್ನೋರ ಎರಡು ಡೈನಮೋಗಳನ್ನ ತಂತಿಯಿಂದ ಕೂಡಿಸಿದ್ರು. ಒಂದನ್ನ ತಿರುಗಿಸಿದ್ರ ಇನ್ನೊಂದು ತಾನೇ ತಿರುಗಿತು! ಕರೆಂಟು ಹುಟ್ಟಿಸೋ ಯಂತ್ರಕ್ಕ ಕರೆಂಟು ಕೊಟ್ರ ಅದೇ ಮೋಟರ್ ಆಗ್ತೈತಿ. ನಮ್ಮ ಪವರ್ ಹೌಸಿನಾಗ ನೀರು ತಿರುಗಿಸಿ ಕರೆಂಟು ತಗೀತಾರ. ಸೈಕಲ್ಲಿನಾಗ ಕರೆಂಟು ಕೊಟ್ಟು ಗಾಲಿ ತಿರುಗಸ್ತಾರ. ಎರಡರ ಒಳಗೂ ಸುರುಳಿ, ಆಯಸ್ಕಾಂತ.

1881ರಾಗ ಟ್ರೂವೆ ಅನ್ನೋರು ಪ್ಯಾರಿಸ್ಸಿನ ಬೀದ್ಯಾಗ ಕರೆಂಟಿನ ಮೂರುಗಾಲಿ ಸೈಕಲ್ ಓಡಿಸಿದ್ರು. 1895ರ ಡಿಸೆಂಬರ್ 31ಕ್ಕ ಅಮೆರಿಕಾದ ಆಗ್ಡನ್ ಬೋಲ್ಟನ್ ಅವರಿಗೆ ಹಿಂದಿನ ಗಾಲಿಯ ನಡುವಿನಾಗೇ ಮೋಟರ್ ಇರೋ ಸೈಕಲ್ಲಿಗೆ ಪೇಟೆಂಟ್ ಸಿಕ್ತು. ಇವತ್ತಿನ ಕಿಟ್ಟಿನಾಗೂ ಮೋಟರ್ ಅದೇ ಜಾಗದಾಗ ಕುಂತೈತಿ. ಆದ್ರ ಆಗಿನ ಸೀಸದ ಬ್ಯಾಟರಿ ಬಲು ಭಾರ. 1991ರಾಗ ಸೋನಿಯವರು ಹಗುರಾದ ಲಿಥಿಯಂ ಬ್ಯಾಟರಿ ಪ್ಯಾಟಿಗೆ ತಂದ್ರು. ಆಮ್ಯಾಲೆ ಸೈಕಲ್ಲಿಗೆ ಬಲ ಬಂತು. ಅಂದ್ರ ಮೋಟರ್ ಅಜ್ಜಿ ಕಾಲದ್ದು, ಬ್ಯಾಟರಿ ನಿನ್ನೆ ಮೊನ್ನೆಯದು. ಹೆಚ್ಚಿನ ಜ್ವಾಕಿ ಬೇಕಾಗಿದ್ದು ಬ್ಯಾಟರಿಗೆ.

36 ವೋಲ್ಟ್ ಬ್ಯಾಟರಿ ಒಣಗಿದ ಕೈಗೆ ಸಾಮಾನ್ಯವಾಗಿ ಹೊಡಿಯೋದಿಲ್ಲ. ಆದ್ರ ಅದರ ಎರಡೂ ತುದಿಗೆ ಬಂಗಾರದ ಬಳಿನೋ ಉಂಗುರನೋ ಅಡ್ಡ ತಾಗಿದ್ರ ಕ್ಷಣದಾಗ ಕೆಂಡ ಆಗ್ತೈತಿ. ಅದಕ್ಕ ಕೆಲಸದ ಮುಂದ ಬಳಿ, ಉಂಗುರ ತೆಗೆದಿಡ್ರಿ. ಚಾರ್ಜರಿನ ಗೋಡೆ ಕಡೆಯ ವೈರಿನಾಗ ಮಾತ್ರ ಮನಿಯ 230 ವೋಲ್ಟೇ ಇರ್ತೈತಿ. ಅದು ಕಿತ್ತಿದ್ರ ಮುಟ್ಟಬ್ಯಾಡ್ರಿ.

ಜೋಡಿಸೋ ಮುಂದ ಬ್ಯಾಟರಿ ಕಡೆಗಿಟ್ಟಿರಬೇಕು. ಮೋಟರ್ ಗಾಲಿಯನ್ನ ಮುಂದಕ್ಕ ತಳ್ಳುವಾಗ ಅದರ ಆಕ್ಸಲ್ ಹಿಂದಕ್ಕ ತಿರುಗಾಕ ನೋಡ್ತೈತಿ. ಆಕ್ಸಲ್ ಜಾರಿದ್ರ ವೈರು ತಿರುಚಿ ಹರೀತಾವು, ಗಾಲಿನೂ ಕಳಚಬಹುದು. ಅದಕ್ಕ ಟಾರ್ಕ್ ಆರ್ಮ್ ಅನ್ನೋ ಉಕ್ಕಿನ ಪಟ್ಟಿ ಹಾಕಿ ಬಿಗೀಬೇಕು. ಮುಂದಿನ ಗಾಲಿಗೆ ಮೋಟರ್ ಹಾಕೋದಿದ್ರ ಫೋರ್ಕು ಉಕ್ಕಿನದಿರಲಿ. ಬ್ಯಾಟರಿಯ ಬಾಜೂಕ ಫ್ಯೂಜ್ ಇರಲಿ, ವೈರು ಗಾಲಿಯ ಕಡ್ಡಿಗೆ ತಾಗದಂಗ ಕಟ್ರಿ. ಬ್ರೇಕ್ ಮೊದಲು ಸರಿ ಮಾಡಿಸ್ರಿ.

ಗಾಲಿ ನಡುಗಿ ನಿಂತ್ರ ಪ್ಲಗ್ ನೋಡ್ರಿ. ಮೂರು ದಪ್ಪ ವೈರು ಮೋಟರಿಗೆ ಬಲ ಕೊಡ್ತಾವು; ಐದು ಸಣ್ಣ ವೈರು ಹಾಲ್ ಸೆನ್ಸಾರಿನವು, ಗಾಲಿ ಎಲ್ಲಿಗೆ ಬಂತು ಅಂತ ಹೇಳ್ತಾವು. 1879ರಾಗ ಎಡ್ವಿನ್ ಹಾಲ್ ಕಂಡುಹಿಡಿದ ಗುಣ ಅದು. ಒಂದು ಸಡಿಲಾದ್ರೂ ಗಾಲಿ ತಡವರಿಸ್ತೈತಿ. ಏನೂ ತಿರುಗದಿದ್ರ ಬ್ರೇಕ್ ಹಿಡಿಯ ಸ್ವಿಚ್ ಸಿಕ್ಕಿಕೊಂಡಿರಬಹುದು. ಬ್ರೇಕ್ ಹಿಡಿದ್ರ ಮೋಟರ್ ನಿಲ್ಲಲಿ ಅಂತ ಇಟ್ಟಿದ್ದು ಅದು. ಬ್ಯಾಟರಿಯ ಡಬ್ಬಿ ಮಾತ್ರ ಮನ್ಯಾಗ ಯಾರೂ ಬಿಚ್ಚಬ್ಯಾಡ್ರಿ.

36 ವೋಲ್ಟಿನ ಲಿಥಿಯಂ ಬ್ಯಾಟರಿ ಅಂದ್ರ ಸಾಮಾನ್ಯವಾಗಿ ಹತ್ತು ಸೆಲ್ಲಿನ ಸಾಲು, ಒಂದಕ್ಕ 4.2 ವೋಲ್ಟಿನಂಗ ತುಂಬಿದಾಗ 42. 48 ವೋಲ್ಟಿನ ಚಾರ್ಜರ್ 54.6ರ ತನಕ ಕೊಡ್ತೈತಿ. ಅದನ್ನ ಇದಕ್ಕ ಹಚ್ಚಿದ್ರ ಬೆಂಕಿಗೆ ಕರೆದಂಗ. 2022ರಾಗ ದೇಶದ ಹಲವು ಕಡೆ ಕರೆಂಟಿನ ಸ್ಕೂಟರಿಗೆ ಬೆಂಕಿ ಹತ್ತಿದ ಮ್ಯಾಲೆ ಸರಕಾರ ವಾಹನದ ಬ್ಯಾಟರಿಗಳ ಎಐಎಸ್-156 ನಿಯಮ ಬಿಗಿ ಮಾಡಿ, ಆ ಡಿಸೆಂಬರಿನಿಂದ ಜಾರಿಗೆ ತಂತು. ಮನ್ಯಾಗಿನ ನಿಯಮ ನಾವೇ ಮಾಡ್ಕೋಬೇಕು. ಮಕ್ಕಳು ಮಲಗೋ ಖೋಲ್ಯಾಗ ಚಾರ್ಜಿಗೆ ಹಾಕಬ್ಯಾಡ್ರಿ. ಹೊರಗ ಹೋಗೋ ಬಾಗಲದಾಗಂತೂ ಬ್ಯಾಡೇ ಬ್ಯಾಡ, ಬೆಂಕಿ ಹತ್ತಿದ್ರ ದಾರಿ ಮುಚ್ಚತೈತಿ. ಎಲ್ಲಾರೂ ಮಲಗಿದ ಮ್ಯಾಲೂ ಬ್ಯಾಡ. ಬ್ಯಾಸಗ್ಯಾಗ ಬಿಸಿಲಿನಾಗ ಇಟ್ಟು ಬಂದಿದ್ರ ಮೊದಲು ನೆರಳಿನಾಗ ಆರಲಿ. ಬಿದ್ದು ಪೆಟ್ಟಾದದ್ದು, ಉಬ್ಬಿದ್ದು, ವಾಸನಿ ಬರೋದು ಚಾರ್ಜಿಗೆ ಹಾಕಲೇಬಾರದು. ಹೊಗಿ ಕಂಡ್ರ ಸಾಮಾನಿಗೆ ಓಡಬ್ಯಾಡ್ರಿ. ಮಂದಿನ ಹೊರಗ ಕರ್ಕೊಂಡು 112ಕ್ಕ ಫೋನ್ ಮಾಡ್ರಿ.

ಕಾನೂನಿನ ಮಾತೂ ಐತಿ. 250 ವ್ಯಾಟಿಗಿಂತ ಕಮ್ಮಿ, ವೇಗ ತಾಸಿಗೆ 25 ಕಿಲೋಮೀಟರಿನೊಳಗ, ಬ್ಯಾಟರಿ ಬಿಟ್ಟು ತೂಕ 60 ಕಿಲೋದೊಳಗ ಇದ್ರ ಅದು ಮೋಟಾರು ವಾಹನ ಅನ್ನಿಸಿಕೊಳ್ಳೋದಿಲ್ಲ. "ಇನ್ನೂ ದೊಡ್ಡ ಮೋಟರ್ ಹಾಕ್ತೀನಿ" ಅನ್ನೋ ಮಗನಿಗೆ ಇದನ್ನ ಹೇಳ್ರಿ. ಸಾದಾ ಸೈಕಲ್ಲಿನ ಬ್ರೇಕ್ ಆ ವೇಗ ತಡಿಯೋದಿಲ್ಲ ಅನ್ನೋದನ್ನೂ ಹೇಳ್ರಿ.

ನಾವು ಬ್ಯಾಡ ಅಂದ್ರೂ ಕಿಟ್ಟು ಮನಿಗೆ ಬರ್ತೈತಿ. ಬಂದಾಗ ಫ್ಯೂಜ್ ಎಲ್ಲೈತಿ, ಟಾರ್ಕ್ ಆರ್ಮ್ ಹಾಕೀರೇನು, ಚಾರ್ಜ್ ಎಲ್ಲಿ ಮಾಡ್ತೀರಿ ಅಂತ ಕೇಳಾಕ ನಮಗ ಬರಬೇಕು. ಈ ಮೂರಕ್ಕೂ ಉತ್ತರ ಸಿಗೋತನಕ ಪ್ಲಗ್ಗು ಗೋಡೆಗೆ ಹಾಕಗೊಡಬ್ಯಾಡ್ರಿ.