ರೇಡಿಯೇಟರಿಗೆ ತಕ್ಕ ಫ್ಯಾನ್

ನೀರಿನಿಂದ ತಂಪಾಗುವ ಕಂಪ್ಯೂಟರಿನಲ್ಲೂ ಶಾಖ ಕೊನೆಗೆ ಸೇರುವುದು ಗಾಳಿಯನ್ನೇ. ಪ್ರೊಸೆಸರಿನ ಮೇಲೆ ಕೂತ ತಾಮ್ರದ ಬ್ಲಾಕಿನಿಂದ ನೀರು ಶಾಖವನ್ನು ರೇಡಿಯೇಟರಿಗೆ ಹೊತ್ತು ತರುತ್ತದೆ. ಅಲ್ಲಿ ಚಪ್ಪಟೆ ಕೊಳವೆಗಳ ನಡುವೆ ಮಡಿಚಿಟ್ಟ ತೆಳು ತಗಡುಗಳಿರುತ್ತವೆ. ಅವುಗಳ ಸಂದಿಯಲ್ಲಿ ಗಾಳಿ ನುಗ್ಗಿಸಿ ಶಾಖವನ್ನು ಹೊರಗೆ ದಾಟಿಸುವುದು ಫ್ಯಾನಿನ ಕೆಲಸ. ಗಂಟೆಗೆ 100 ಘನ ಮೀಟರ್ ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 33 ವ್ಯಾಟ್ ಶಾಖ ಒಯ್ದಂತೆ. 300 ವ್ಯಾಟ್ ಉಗುಳುವ ಯಂತ್ರವಾದರೆ ಅಷ್ಟೇ ಗಾಳಿ 9 ಡಿಗ್ರಿ ಬಿಸಿಯಾಗಿ ಹೊರಬೀಳುತ್ತದೆ. ಕೋಣೆಯ ಗಾಳಿಗಿಂತ ನೀರನ್ನು ತಣ್ಣಗೆ ಮಾಡುವುದು ಯಾವ ಫ್ಯಾನಿಗೂ ಸಾಧ್ಯವಿಲ್ಲ. ಕಲಬುರಗಿಯ ಬೇಸಿಗೆಯ 40 ಡಿಗ್ರಿಯಲ್ಲಿ ನೀರಿನ ತಾಪ 40ರ ಮೇಲೆಯೇ ನಿಲ್ಲುತ್ತದೆ. ಆ ಅಂತರವನ್ನು ಎಷ್ಟು ಕಿರಿದಾಗಿಸಬಹುದು, ಅದಕ್ಕೆ ಎಷ್ಟು ಗದ್ದಲ ಸಹಿಸಬೇಕು ಎಂಬುದೇ ಈ ಆಯ್ಕೆಯ ತಿರುಳು. ಅದು ಹೀಗೆ ಸ್ಪಷ್ಟವಾಗಲು ಹವ್ಯಾಸಿಗಳಿಗೂ ತಯಾರಕರಿಗೂ ಹತ್ತು ಹನ್ನೆರಡು ವರ್ಷ ಹಿಡಿಯಿತು.

ಕಂಪ್ಯೂಟರಿಗೆ ನೀರು ಹಾಯಿಸುವುದು ಅದಕ್ಕಿಂತ ಹಳೆಯ ವಿದ್ಯೆ. ಐಬಿಎಂ 1964ರಲ್ಲಿ ಘೋಷಿಸಿದ ಸಿಸ್ಟಂ/360 ಮಾಡೆಲ್ 91 ನೀರಿನಿಂದ ತಂಪಾಗುತ್ತಿತ್ತು. 1980ರ 3081 ಯಂತ್ರದಲ್ಲಿ ಹೀಲಿಯಂ ತುಂಬಿದ ಪೆಟ್ಟಿಗೆಯೊಳಗೆ ಚಿಪ್‌ಗಳನ್ನು ಕೂರಿಸಿ, ಮೇಲೆ ನೀರು ಹರಿಯುವ ತಟ್ಟೆ ಇಟ್ಟಿದ್ದರು. ಆದರೆ ಆ ಯಂತ್ರಗಳು ಶಾಖವನ್ನು ಕಟ್ಟಡದ ತಣ್ಣೀರಿನ ವ್ಯವಸ್ಥೆಗೆ ಒಪ್ಪಿಸಿ ಕೈತೊಳೆದುಕೊಳ್ಳುತ್ತಿದ್ದವು. ಪೆಟ್ಟಿಗೆಯ ಬೆನ್ನಿಗೇ ರೇಡಿಯೇಟರ್ ಅಂಟಿಸಿ, ಅದಕ್ಕೊಂದು ಫ್ಯಾನ್ ಹುಡುಕುವ ಪ್ರಮೇಯ ಅಲ್ಲಿ ಬರಲಿಲ್ಲ.

ಫ್ಯಾನಿನ ಅಳತೆ ಮಾತ್ರ ಆ ದೊಡ್ಡ ಯಂತ್ರಗಳ ಕಾಲದಿಂದಲೇ ಬಂದದ್ದು. ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್‌ನಲ್ಲಿದ್ದ ರೋಟ್ರಾನ್ ಕಂಪನಿ ಎಲೆಕ್ಟ್ರಾನಿಕ್ ಉಪಕರಣಗಳಿಗೆಂದು ಮಫಿನ್ ಎಂಬ ಹೆಸರಿನ ಚೌಕ ಫ್ಯಾನುಗಳನ್ನು ಮಾಡುತ್ತಿತ್ತು. ಅದರ ಒಂದು ಬದಿ ನಾಲ್ಕು ಮುಕ್ಕಾಲು ಇಂಚಿಗೆ ಕೂದಲೆಳೆಯಷ್ಟು ಕಡಿಮೆ, ಅಂದರೆ 119 ಮಿಲಿಮೀಟರ್. ದಪ್ಪ ಒಂದೂವರೆ ಇಂಚು, ಅಂದರೆ 38 ಮಿಲಿಮೀಟರ್. ಇಂದು ಅಂಗಡಿಯಲ್ಲಿ ‘120 ಎಂಎಂ’ ಎಂದು ಕೇಳಿದರೆ ಕೈಗೆ ಬರುವುದು ಇದೇ ಚೌಕ. ದಪ್ಪ ಮಾತ್ರ ಕ್ರಮೇಣ 25 ಮಿಲಿಮೀಟರಿಗೆ ಇಳಿಯಿತು. ರೇಡಿಯೇಟರ್ ತಯಾರಕರು ಮುಂದೆ ತಮ್ಮ ಸರಕಿನ ಉದ್ದಗಲವನ್ನು ಈ ಚೌಕದ ಲೆಕ್ಕದಲ್ಲೇ ಕತ್ತರಿಸಿದರು: ಒಂದು ಫ್ಯಾನಿಗೆ 120, ಎರಡಕ್ಕೆ 240, ಮೂರಕ್ಕೆ 360.

ಮನೆಯ ಕಂಪ್ಯೂಟರಿಗೆ ನೀರು ಹೊಕ್ಕದ್ದು 1990ರ ದಶಕದ ಕೊನೆಯಲ್ಲಿ. 1998ರಲ್ಲಿ ಬಂದ ಇಂಟೆಲ್‌ನ ಸೆಲೆರಾನ್ 300ಎ ಪ್ರೊಸೆಸರನ್ನು 300 ಮೆಗಾಹರ್ಟ್ಸ್‌ನಿಂದ 450ಕ್ಕೆ ಓಡಿಸಬಹುದೆಂದು ಗೊತ್ತಾದ ಮೇಲೆ ಓವರ್‌ಕ್ಲಾಕಿಂಗ್ ಗೀಳು ಹಬ್ಬಿತು. 2001ರ ಹೊತ್ತಿಗೆ ಎಎಂಡಿಯ 1.4 ಗಿಗಾಹರ್ಟ್ಸ್ ಅಥ್ಲಾನ್ 72 ವ್ಯಾಟ್ ತಲುಪಿತ್ತು. ಅದನ್ನು ಗಾಳಿಯಿಂದಲೇ ತಣಿಸಲು ಹಟ ತೊಟ್ಟವರು ತೈವಾನಿನ ಡೆಲ್ಟಾ ಕಂಪನಿಯ 60 ಮಿಲಿಮೀಟರ್ ಫ್ಯಾನ್ ಹಾಕಿಕೊಂಡರು. ನಿಮಿಷಕ್ಕೆ ಸುಮಾರು 7000 ಸುತ್ತು ತಿರುಗುವ ಆ ಫ್ಯಾನಿನ ಕಿರುಚು ಪಕ್ಕದ ಕೋಣೆಗೂ ಕೇಳುತ್ತಿತ್ತು. ನೀರಿನ ಕಡೆ ಹಲವರು ಹೊರಳಿದ್ದಕ್ಕೆ ವೇಗದ ಆಸೆಯಷ್ಟೇ ಈ ಕಿರುಚೂ ಕಾರಣ.

ಆಗ ಕಂಪ್ಯೂಟರಿಗೆಂದೇ ಮಾಡಿದ ರೇಡಿಯೇಟರ್ ಸಿಗುವುದು ಅಪರೂಪ. ಅಮೆರಿಕದ ಹವ್ಯಾಸಿಗಳು ಗುಜರಿಗೆ ಹೋಗಿ ಕಾರಿನ ಹೀಟರ್ ಕೋರ್ ತರುತ್ತಿದ್ದರು, ಅಂದರೆ ಚಳಿಗಾಲದಲ್ಲಿ ಕಾರಿನೊಳಗೆ ಬಿಸಿಗಾಳಿ ಬಿಡುವ ಪುಟ್ಟ ರೇಡಿಯೇಟರ್. 1977ರ ಪಾಂಟಿಯಾಕ್ ಬಾನೆವಿಲ್ ಕಾರಿನ ಕೋರ್ ಇವರ ನಡುವೆ ಭಾರಿ ಹೆಸರು ಮಾಡಿತು. ಪಂಪು ಮೀನಿನ ತೊಟ್ಟಿಯದು. ಕೋರಿಗೆ ಫ್ಯಾನ್ ಬಿಗಿಯಲು ತೂತುಗಳಿರಲಿಲ್ಲವಾದ್ದರಿಂದ ತಗಡಿನಲ್ಲೋ ಪ್ಲಾಸ್ಟಿಕ್ಕಿನಲ್ಲೋ ಒಂದು ಗೂಡು ಕಟ್ಟಿ, ಅದರ ಬಾಯಿಗೆ 120ರ ಫ್ಯಾನ್ ಕೂರಿಸುತ್ತಿದ್ದರು.

ಅನಿವಾರ್ಯವಾಗಿ ಕಟ್ಟಿದ ಈ ಗೂಡಿನಿಂದ ಲಾಭವೂ ಆಯಿತು. ಫ್ಯಾನಿನ ನಡುವೆ ಮೋಟಾರು ಕೂತಿರುವುದರಿಂದ ಅದರ ನೇರಕ್ಕೆ ಗಾಳಿ ಬೀಸುವುದಿಲ್ಲ. ಫ್ಯಾನನ್ನು ತಗಡುಗಳಿಗೆ ಒತ್ತಿ ಬಿಗಿದರೆ ಆ ದುಂಡು ಜಾಗ ಸತ್ತಂತೆಯೇ. ನಡುವೆ ಒಂದೆರಡು ಇಂಚು ಬಿಟ್ಟರೆ ಗಾಳಿ ಹರಡಿಕೊಂಡು ಇಡೀ ಮುಖವನ್ನು ಮುಟ್ಟುತ್ತದೆ. ತೂತುಗಳಿರುವ ರೇಡಿಯೇಟರುಗಳು ಮಾರುಕಟ್ಟೆಗೆ ಬಂದ ಮೇಲೂ ಹವ್ಯಾಸಿಗಳು ಇದನ್ನು ಬಿಡಲಿಲ್ಲ. ಕೆಟ್ಟ ಫ್ಯಾನಿನ ಮೋಟಾರು, ರೆಕ್ಕೆ ಎಲ್ಲ ಕತ್ತರಿಸಿ ತೆಗೆದು, ಉಳಿದ ಖಾಲಿ ಚೌಕಟ್ಟನ್ನು ನಡುವೆ ಸೇರಿಸುತ್ತಿದ್ದರು. ಸದ್ದಡಗಿಸಲು ಫ್ಯಾನಿನ ವೇಗ ತಗ್ಗಿಸುವ ಒಂದು ಅಗ್ಗದ ಉಪಾಯವೂ ಇತ್ತು. ಪವರ್ ಸಪ್ಲೈಯ ನಾಲ್ಕು ಪಿನ್ನಿನ ಪ್ಲಗ್ಗಿನಲ್ಲಿ ಹಳದಿ ತಂತಿ 12 ವೋಲ್ಟ್, ಕೆಂಪು 5 ವೋಲ್ಟ್, ಕಪ್ಪು ಎರಡೂ ಗ್ರೌಂಡ್. ಫ್ಯಾನಿನ ಒಂದು ತಂತಿಯನ್ನು ಹಳದಿಗೆ, ಇನ್ನೊಂದನ್ನು ಕಪ್ಪಿನ ಬದಲು ಕೆಂಪಿಗೆ ಸಿಕ್ಕಿಸಿದರೆ ನಡುವಣ ವ್ಯತ್ಯಾಸದ 7 ವೋಲ್ಟ್ ಮಾತ್ರ ಅದಕ್ಕೆ ಸಿಗುತ್ತದೆ. ಪವರ್ ಸಪ್ಲೈ ಎಂಜಿನಿಯರ್ ಮೆಚ್ಚುವ ಕೆಲಸವಲ್ಲ, ಆದರೆ ಸದ್ದು ನಿಜಕ್ಕೂ ಅಡಗುತ್ತಿತ್ತು.

ಫಿಲಿಪೀನ್ಸ್‌ನ ಹಾರ್ಡ್‌ವೇರ್ ಲ್ಯಾಬ್ಸ್ ಕಂಪನಿಯ ಬ್ಲ್ಯಾಕ್ ಐಸ್ ರೇಡಿಯೇಟರುಗಳು ಬಂದು ಗುಜರಿಯ ಕಾಲ ಮುಗಿಯುತ್ತಿದ್ದಂತೆ ತಗಡುಗಳ ದಟ್ಟಣೆಯ ಪ್ರಶ್ನೆ ಎದ್ದಿತು. ಅದನ್ನು ಒಂದು ಇಂಚಿಗೆ ಎಷ್ಟು ತಗಡು ಎಂದು ಅಳೆಯುತ್ತಾರೆ. ಅದೇ ಕಂಪನಿಯ ಜಿಟಿಎಸ್ ಮಾದರಿಯಲ್ಲಿ ಇಂಚಿಗೆ ಸುಮಾರು 30 ತಗಡು, ಎಸ್ಆರ್-1 ಮಾದರಿಯಲ್ಲಿ ಸುಮಾರು 9. ತಗಡು ದಟ್ಟವಾದಷ್ಟೂ ಶಾಖ ಬಿಟ್ಟುಕೊಡುವ ಮೈ ಹೆಚ್ಚು, ಗಾಳಿಗೆ ಅಡ್ಡಿಯೂ ಹೆಚ್ಚು. ಧೂಳಿನ ಊರುಗಳಲ್ಲಿ ದಟ್ಟ ರೇಡಿಯೇಟರ್ ಬೇಗ ಕಟ್ಟಿಕೊಳ್ಳುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ಆದರೂ ಬಹುಕಾಲ ಜನ ಫ್ಯಾನ್ ಕೊಳ್ಳುತ್ತಿದ್ದದ್ದು ಡಬ್ಬಿಯ ಮೇಲಿನ ಗಾಳಿಯ ಅಂಕಿ ನೋಡಿಯೇ. ಮುಂದೆ ಏನೂ ಅಡ್ಡವಿಲ್ಲದಾಗ ಫ್ಯಾನ್ ಬೀಸುವ ಗರಿಷ್ಠ ಗಾಳಿಯದು ಆ ಅಂಕಿ. ಮುಂದೆ ಗೋಡೆ ಕಟ್ಟಿದರೆ ಅದು ಒತ್ತಬಲ್ಲ ಒತ್ತಡ ಇನ್ನೊಂದು ಕೊನೆ. ಅದನ್ನು ಎಷ್ಟು ಮಿಲಿಮೀಟರ್ ನೀರನ್ನು ಎತ್ತಬಲ್ಲದು ಎಂದು ಹೇಳುತ್ತಾರೆ. ರೇಡಿಯೇಟರ್ ಈ ಎರಡೂ ಕೊನೆಗಳಲ್ಲಿ ಇಲ್ಲ, ನಡುವೆ ಎಲ್ಲೋ ಇದೆ. ಫ್ಯಾನಿನ ಗೆರೆಯೂ ರೇಡಿಯೇಟರಿನ ಅಡ್ಡಿಯ ಗೆರೆಯೂ ಕೂಡುವ ಬಿಂದುವೇ ನಿಜವಾದ ಗಾಳಿ.

ಗದ್ದಲದ ಲೆಕ್ಕ ಇನ್ನೊಂದು ಕಡೆಯಿಂದ ಬಂದು ಕೂಡಿತು. 2002ರಲ್ಲಿ ಶುರುವಾದ ಸೈಲೆಂಟ್ ಪಿಸಿ ರಿವ್ಯೂ ಜಾಲತಾಣ ನಿಶ್ಶಬ್ದ ಕಂಪ್ಯೂಟರನ್ನೇ ಗುರಿಯಾಗಿಟ್ಟುಕೊಂಡಿತು. ಮತ್ಸುಶಿತಾದ ಪ್ಯಾನಾಫ್ಲೋ, ಆಮೇಲೆ ಅಗ್ಗದ ಯೇಟ್ ಲೂನ್, ಇಂಥ ಮೆಲ್ಲನೆ ತಿರುಗುವ ಫ್ಯಾನುಗಳಿಗೆ ಬೇಡಿಕೆ ಕುದುರಿತು. ಇದರ ಹಿಂದಿನ ಗಣಿತ ಸರಳ. ವೇಗ ಅರ್ಧಕ್ಕಿಳಿದರೆ ಗಾಳಿ ಅರ್ಧವಾಗುತ್ತದೆ, ಒತ್ತಡ ನಾಲ್ಕರಲ್ಲೊಂದು ಪಾಲಾಗುತ್ತದೆ, ಸದ್ದು ಸುಮಾರು 15 ಡೆಸಿಬಲ್ ತಗ್ಗುತ್ತದೆ. ಅದೇ ಬಗೆಯ ಇನ್ನೊಂದು ಫ್ಯಾನ್ ಪಕ್ಕಕ್ಕೆ ಸೇರಿಸಿದರೆ ಏರುವುದು 3 ಡೆಸಿಬಲ್ ಮಾತ್ರ. ಹಾಗಾಗಿ ಅರ್ಧ ವೇಗದ ಮೂರು ಫ್ಯಾನುಗಳು ಪೂರ್ತಿ ವೇಗದ ಒಂದಕ್ಕಿಂತ ಒಂದೂವರೆ ಪಟ್ಟು ಗಾಳಿ ಬೀಸಿಯೂ ಸುಮಾರು 10 ಡೆಸಿಬಲ್ ಮೆತ್ತಗಿರುತ್ತವೆ. ಮೂರು ಫ್ಯಾನಿನ ಉದ್ದ ರೇಡಿಯೇಟರ್ ಜನಪ್ರಿಯವಾದದ್ದು ಈ ಲೆಕ್ಕದ ಮೇಲೆಯೇ. ಇಂಗ್ಲೆಂಡಿನ ಥರ್ಮೊಚಿಲ್ ತನ್ನ ಪಿಎ ಸಾಲಿನ ರೇಡಿಯೇಟರುಗಳಲ್ಲಿ ತಗಡುಗಳನ್ನು ವಿರಳವಾಗಿಟ್ಟದ್ದೂ ನಿಧಾನದ ಫ್ಯಾನಿಗೆಂದೇ. ರೇಡಿಯೇಟರಿನ ಎರಡೂ ಮುಖಕ್ಕೆ ಫ್ಯಾನ್ ಹಾಕಿ ಒಂದು ತಳ್ಳಿದರೆ ಒಂದು ಎಳೆಯುವ ಜೋಡಣೆಯೂ ಬಳಕೆಗೆ ಬಂತು. ಇದರಿಂದ ಇಮ್ಮಡಿಯಾಗುವುದು ಒತ್ತಡ, ಗಾಳಿಯಲ್ಲ. ದಟ್ಟ ರೇಡಿಯೇಟರಿಗೆ ಉಪಯೋಗ, ವಿರಳದ್ದಕ್ಕೆ ದಂಡದ ಖರ್ಚು.

ಆ ದಶಕದ ಕೊನೆಯಲ್ಲಿ ಎಲ್ಲರೂ ಒಪ್ಪಿದ ಫ್ಯಾನ್ ಎಂದರೆ ಜಪಾನಿನ ನಿಡೆಕ್ ಸರ್ವೋ ತಯಾರಿಸಿ ಸೈತ್ ಮಾರುತ್ತಿದ್ದ ಜೆಂಟಲ್ ಟೈಫೂನ್. ಅದರಲ್ಲೂ ನಿಮಿಷಕ್ಕೆ 1850 ಸುತ್ತಿನ ಎಪಿ-15. ನೋಡಲು ಅಂದವಿರಲಿಲ್ಲ, ಬೂದು ರೆಕ್ಕೆ, ಕಪ್ಪು ಚೌಕಟ್ಟು. ಹೊಳಪಿನ ಪೆಟ್ಟಿಗೆಗಳ ನಡುವೆ ಕಾರ್ಖಾನೆಯ ಸಾಮಾನಿನಂತಿತ್ತು. ತಗಡುಗಳ ಅಡ್ಡಿಯೆದುರು ಅದರ ಗಾಳಿ ಕುಸಿಯುತ್ತಿರಲಿಲ್ಲ, ಸದ್ದಿನಲ್ಲಿ ಕರ್ಕಶವಿರಲಿಲ್ಲ. ಬಾಲ್ ಬೇರಿಂಗ್ ಇದ್ದುದರಿಂದ ಪೆಟ್ಟಿಗೆಯ ನೆತ್ತಿಯ ರೇಡಿಯೇಟರಿಗೆ ಮಲಗಿಸಿ ಹಾಕಿದರೂ ಬಾಳುತ್ತಿತ್ತು. ಅಗ್ಗದ ಸ್ಲೀವ್ ಬೇರಿಂಗ್ ಫ್ಯಾನುಗಳು ಹಾಗೆ ಮಲಗಿದರೆ ಬೇಗ ಸವೆಯುತ್ತವೆ.

ಹವ್ಯಾಸಿಗಳ ಈ ತಿಳಿವಳಿಕೆ ಡಬ್ಬಿಯ ಮೇಲಿನ ಅಕ್ಷರವಾದದ್ದು ನೀರಿನ ವ್ಯವಸ್ಥೆ ಸಾಮಾನ್ಯ ಗ್ರಾಹಕನ ಕೈಗೆ ಬಂದಾಗ. 2004ರಲ್ಲಿ ಆಪಲ್ ತನ್ನ 2.5 ಗಿಗಾಹರ್ಟ್ಸ್ ಪವರ್ ಮ್ಯಾಕ್ ಜಿ5ಗೆ ನೀರಿನ ವ್ಯವಸ್ಥೆ ಅಳವಡಿಸಿತ್ತಾದರೂ ಅಲ್ಲಿ ಕೊಳ್ಳುವವನಿಗೆ ಆಯ್ಕೆಯಿರಲಿಲ್ಲ. 2009ರಲ್ಲಿ ಡೆನ್ಮಾರ್ಕಿನ ಏಸ್‌ಟೆಕ್ ಮಾಡಿಕೊಟ್ಟ, ಬ್ಲಾಕು ಪಂಪು ರೇಡಿಯೇಟರ್ ಎಲ್ಲ ಒಂದೇ ಆದ, ನೀರು ತುಂಬಿ ಮುಚ್ಚಿದ ಎಚ್50 ಘಟಕವನ್ನು ಕೋರ್ಸೇರ್ ಮಾರಿತು. ಇಂಥ ಘಟಕಗಳ ತೆಳು, ದಟ್ಟ ರೇಡಿಯೇಟರಿಗೆ ಒತ್ತಡದ ಫ್ಯಾನೇ ಬೇಕು. 2012ರಲ್ಲಿ ಕೋರ್ಸೇರ್ ಪೆಟ್ಟಿಗೆಗೆ ಎಎಫ್, ರೇಡಿಯೇಟರಿಗೆ ಎಸ್‌ಪಿ ಎಂದು ಎರಡು ಸಾಲು ಹೊರತಂದಿತು. ಆಸ್ಟ್ರಿಯಾದ ನಾಕ್ಟುವಾ 2011ರಲ್ಲೇ ಬಿಟ್ಟ ಎನ್ಎಫ್-ಎಫ್12 ಫ್ಯಾನಿನ ಹಿಂಬದಿಯಲ್ಲಿ ಗಾಳಿಯ ತಿರುಚು ಬಿಡಿಸಿ ನೇರ ಮಾಡುವ 11 ಸ್ಥಿರ ಪಟ್ಟಿಗಳಿದ್ದವು. ಅದರ ಅಂಕಿ ಗಂಟೆಗೆ 93.4 ಘನ ಮೀಟರ್ ಗಾಳಿ, 2.61 ಮಿಲಿಮೀಟರ್ ಒತ್ತಡ. ಅದೇ ಕಂಪನಿಯ ಪೆಟ್ಟಿಗೆಯ ಫ್ಯಾನ್ ಎನ್ಎಫ್-ಎಸ್12ಎ ಬಯಲಿನಲ್ಲಿ 107.5 ಘನ ಮೀಟರ್ ಬೀಸುತ್ತದೆ, ಒತ್ತಡ ಮಾತ್ರ 1.19. ಮೊದಲ ಅಂಕಿ ಮಾತ್ರ ನೋಡಿ ಕೊಂಡವನ ರೇಡಿಯೇಟರಿನಲ್ಲಿ ಗಾಳಿ ಎಲ್ಲಿ ಕಳೆದುಹೋಗುತ್ತದೆ ಎಂಬುದು ಎರಡನೆಯದರಲ್ಲಿದೆ.

ವೇಗದ ಹತೋಟಿಯೂ ಇದರ ಜತೆಗೇ ಸುಧಾರಿಸಿತು. ಇಂಟೆಲ್ ನಿಗದಿಪಡಿಸಿದ ನಾಲ್ಕು ತಂತಿಯ ಪಿಡಬ್ಲ್ಯುಎಂ ಫ್ಯಾನಿನಲ್ಲಿ 12 ವೋಲ್ಟ್ ಸದಾ ಇರುತ್ತದೆ, 25 ಕಿಲೋಹರ್ಟ್ಸ್‌ನ ಬೇರೊಂದು ಸಂಕೇತ ವೇಗ ತಿಳಿಸುತ್ತದೆ. 7 ವೋಲ್ಟಿನ ಉಪಾಯ ಮರೆಗೆ ಸರಿಯಿತು. ಆ ಬಳಿಕ ಪೈಪೋಟಿ ನಡೆದದ್ದು ರೆಕ್ಕೆಯ ತುದಿಗೂ ಚೌಕಟ್ಟಿಗೂ ನಡುವಣ ಸಂದಿಯಲ್ಲಿ. ಅಲ್ಲಿಂದ ಗಾಳಿ ಹಿಂದಕ್ಕೆ ಸೋರಿದರೆ ಒತ್ತಡ ನಷ್ಟ. ಸಂದಿ ಕಿರಿದು ಮಾಡಿದರೆ, ವರ್ಷಗಟ್ಟಲೆ ಬಿಸಿಯಲ್ಲಿ ತಿರುಗಿದ ಸಾಮಾನ್ಯ ಪ್ಲಾಸ್ಟಿಕ್ ಹಿಗ್ಗಿ ಚೌಕಟ್ಟಿಗೆ ತಾಗುತ್ತದೆ. ನಾಕ್ಟುವಾದ 2018ರ ಎನ್ಎಫ್-ಎ12ಎಕ್ಸ್25ರಲ್ಲಿ ಹಿಗ್ಗದ ಲಿಕ್ವಿಡ್ ಕ್ರಿಸ್ಟಲ್ ಪಾಲಿಮರ್ ಬಳಸಿ ಸಂದಿಯನ್ನು ಅರ್ಧ ಮಿಲಿಮೀಟರಿಗೆ ತಂದರು. ಫ್ಯಾಂಟೆಕ್ಸ್ 2021ರಲ್ಲಿ ಅದೇ ಬಗೆಯ ಪಾಲಿಮರಿನ ಟಿ30 ಫ್ಯಾನನ್ನು 30 ಮಿಲಿಮೀಟರ್ ದಪ್ಪಕ್ಕೆ ಮಾಡಿತು. ಮಫಿನ್‌ನ 38ರಿಂದ 25ಕ್ಕೆ ಇಳಿದಿದ್ದ ದಪ್ಪ ಸ್ವಲ್ಪ ದಾರಿ ಹಿಂದಕ್ಕೆ ಬಂತು. ಈ ನಡುವೆ ಬಣ್ಣದ ದೀಪದ ಫ್ಯಾನುಗಳೂ ಮಾರುಕಟ್ಟೆ ತುಂಬಿದವು. ತಂಪಿನ ಲೆಕ್ಕಕ್ಕೆ ಅವು ಸೇರಿಸಿದ್ದು ಏನೂ ಇಲ್ಲ.

ಒಂದೇ ರೇಡಿಯೇಟರಿಗೆ ಒಂದೇ ಬಗೆಯ ಹಲವು ಫ್ಯಾನ್ ಹಾಕುವಾಗ ಹುಟ್ಟುವ ತೊಂದರೆಗೆ ತಯಾರಕರು ಕೈಹಾಕಿದ್ದು ತೀರ ಈಚೆಗೆ. ಪಕ್ಕಪಕ್ಕದ ಎರಡು ಫ್ಯಾನುಗಳ ವೇಗದಲ್ಲಿ ನಾಲ್ಕಾರು ಸುತ್ತಿನ ವ್ಯತ್ಯಾಸವಿದ್ದರೆ ಎರಡರ ಸದ್ದು ಕೂಡಿ, ಬಿಟ್ಟು, ಏರಿಳಿಯುವ ಗುಂಯ್ಗುಡುವಿಕೆ ಕೇಳುತ್ತದೆ. ಒಂದೇ ಮಟ್ಟದ ಸದ್ದಿಗಿಂತ ಕಿವಿಗೆ ಅದೇ ಹೆಚ್ಚು ಕಿರಿಕಿರಿ. ನಾಕ್ಟುವಾ 2024ರ ತನ್ನ 140 ಮಿಲಿಮೀಟರ್ ಎನ್ಎಫ್-ಎ14ಎಕ್ಸ್25 ಜಿ2 ಫ್ಯಾನುಗಳನ್ನು ಜೋಡಿಯಾಗಿ ಮಾರುವಾಗ ಎರಡರ ವೇಗವನ್ನು ಬೇಕೆಂದೇ ತುಸು ಬೇರೆಯಾಗಿಟ್ಟಿತು. ಅಂತರ ಸಾಕಷ್ಟಿದ್ದರೆ ಆ ಏರಿಳಿತ ಕಿವಿಗೆ ಸಿಗದಷ್ಟು ಚುರುಕಾಗಿ ಸಾಗಿಬಿಡುತ್ತದೆ.